ಗೋಡೆಯಿಂದ ಶುರು ಮಾಡಿ

ನಮಸ್ಕಾರ,

ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’ (2003) ಸಿನಿಮಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ಬರೀ ಮಳೆ, ಗದ್ದೆ, ಕ್ಯಾಮೆರಾ. ಚೆನ್ನಾಗಿ ಗಮನಿಸಿದ್ದೀರಿ, ನಿಜ. ಆದರೆ ‘ಆಘಾತ’ ಅನ್ನುವ ಪದ ಹದಿನಾಲ್ಕು ಸಲ ಬಂದಿದೆ, ಆಘಾತ ಅನುಭವಿಸಿದ ಒಬ್ಬ ಮನುಷ್ಯನೂ ಕಾಣಲಿಲ್ಲ.

ಪೊಲೀಸಪ್ಪ ಬೂಟಿಗೆ ಕವರ್ ಹಾಕಿಕೊಂಡು ಒದೆಯುವ ದೃಶ್ಯವನ್ನು ‘ತಮಾಷೆಯಾಗಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮೊದಲ ಸಲ ನಾನೂ ನಕ್ಕಿದ್ದೆ. ಆ ಕವರ್ ಯಾಕೆ? ಮೈಮೇಲೆ ಗುರುತು ಉಳಿಯಬಾರದು ಅಂತ ಅಲ್ವಾ?

ನಿಮ್ಮ ಲೇಖನದ ಜೀವ ಅಲ್ಲಿದೆ. ಈ ಸಿನಿಮಾಕ್ಕೆ ಆಧಾರವಾದದ್ದು ನಿಜವಾಗಿ ನಡೆದ ಕೊಲೆಗಳು. ದಕ್ಷಿಣ ಕೊರಿಯಾದ ಹ್ವಾಸೊಂಗ್‌ನಲ್ಲಿ 1986ರಿಂದ 1991ರವರೆಗೆ ಹತ್ತು ಹೆಣ್ಣುಮಕ್ಕಳ ಕೊಲೆಯಾಯಿತು. ಎಂಟನೆಯದಕ್ಕೆ 1989ರಲ್ಲಿ 22ರ ಯುವಕನೊಬ್ಬನನ್ನು ಹಿಡಿದರು. ನಿದ್ದೆಗೆ ಬಿಡದೆ, ಹೊಡೆದು, ತಪ್ಪೊಪ್ಪಿಗೆ ಬರೆಸಿಕೊಂಡರು. ಅವನು ಗೋಡೆ ಹತ್ತಿ ಮನೆಯೊಳಗೆ ಇಳಿದ ಅನ್ನುವುದು ಪೊಲೀಸರ ಕಥೆ. ಪೋಲಿಯೊದಿಂದ ಕುಂಟುವ ಹುಡುಗ ಗೋಡೆ ಹತ್ತಿದ್ದು ಹೇಗೆ? ಕೇಳಬೇಕಾದವರು ಕೇಳಲಿಲ್ಲ. 20 ವರ್ಷ ಜೈಲಿನಲ್ಲಿದ್ದು 2009ರಲ್ಲಿ ಹೊರಬಂದ. ನಿರಪರಾಧಿ ಎಂದು ಕೋರ್ಟು ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅವನಿಗೆ ಐವತ್ತು ದಾಟಿತ್ತು.

ಇಂಥವನನ್ನು ನೀವು ಕೊನೇ ಪುಟದ ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ, ಅದೇ ನನ್ನ ದೊಡ್ಡ ಜಗಳ.

‘2019ರಲ್ಲಿ ಡಿಎನ್‌ಎ ಹೊಂದಿ ಕೊನೆಗೂ ನ್ಯಾಯ ಸಿಕ್ಕಿತು’ ಎಂದಿದ್ದೀರಿ. ಯಾರಿಗೆ? ಡಿಎನ್‌ಎಯಿಂದ ಸಿಕ್ಕಿಬಿದ್ದ ನಿಜವಾದ ಕೊಲೆಗಾರ ಬೇರೊಂದು ಕೊಲೆಗೆ 1994ರಿಂದಲೇ ಜೈಲಿನಲ್ಲಿದ್ದ. ಈ ಕೊಲೆಗಳಿಗೆ ಕೇಸು ಹಾಕಲು ಇದ್ದ 15 ವರ್ಷದ ಕಾಲಮಿತಿ 2006ಕ್ಕೇ ಮುಗಿದಿತ್ತು. ಒಪ್ಪಿಕೊಂಡರೂ ಅವನ ಮೇಲೆ ಕೇಸು ನಡೆಸುವ ಹಾಗಿರಲಿಲ್ಲ. ಆ ಸಾಲು ಹೊಡೆದುಹಾಕಿ.

ಪತ್ತೇದಾರ ನೇರ ನಮ್ಮನ್ನೇ ದಿಟ್ಟಿಸುವ ಕೊನೆಯ ಶಾಟ್ ಬಗ್ಗೆ ಬರೆದ ಪ್ಯಾರಾ ಮಾತ್ರ ಮುಟ್ಟಬೇಡಿ. ಅದರ ಪಕ್ಕಕ್ಕೆ ಇಷ್ಟು ಸೇರಿಸಿ: 2020ರಲ್ಲಿ ಸಾಕ್ಷಿ ಹೇಳಲು ಬಂದ ಕೊಲೆಗಾರ, ಜೈಲಿನಲ್ಲಿ ಈ ಸಿನಿಮಾ ನೋಡಿದ್ದೆ, ಏನೂ ಅನ್ನಿಸಲಿಲ್ಲ ಎಂದ. ವ್ಯಾಖ್ಯಾನ ಬೇಡ, ಸುಮ್ನೆ ಇಡಿ.

ಸತ್ತವರ ಗಾಯಗಳ ವಿವರ ಪೂರ್ತಿ ತೆಗೆಯಿರಿ. ನಾಲ್ಕು ಪುಟ ಸಾಕು. ಗೋಡೆಯಿಂದ ಶುರು ಮಾಡಿ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ