ಮಂಚದ ಕೆಳಗಿರುವ ಚೀಲ

ಹಾಸನದಿಂದ ಬಂದ ಒಂದು ಪತ್ರ ಈ ವಾರ ನನ್ನನ್ನು ಬಿಡಲೇ ಇಲ್ಲ. ಬರೆದವರು ಪ್ರೌಢಶಾಲೆಯ ಶಿಕ್ಷಕಿ, 54 ವರ್ಷ. ಥೈರಾಯ್ಡ್ ಬಂತು, ಮುಟ್ಟು ನಿಂತಿತು, ಮೈ ತುಂಬಿಕೊಂಡಿತು. ಮದುವೆಯಲ್ಲಿ ತವರಿನವರು ಕೊಟ್ಟ ಗಾದ್ರೆಜ್ ಬೀರುವಿನ ತುಂಬ ಸೀರೆ. ಬಾಗಿಲು ಹಾಕಬೇಕಾದರೆ ಮೊಣಕೈ ಕೊಟ್ಟು ಒತ್ತಬೇಕು. ಆದರೆ ಅದರಲ್ಲಿ ಮುಕ್ಕಾಲು ಪಾಲು ಉಡುವ ಹಾಗಿಲ್ಲ, ರವಿಕೆ ತೋಳಿಗೇ ಏರುವುದಿಲ್ಲ. ಯಜಮಾನರು "ಇನ್ನೊಂದು ಬೀರು ತರೋಣ ಬಿಡು" ಅನ್ನುತ್ತಾರಂತೆ. ನಾದಿನಿ ಬಂದಾಗಲೆಲ್ಲ "ಯಾವುದನ್ನೂ ಕೊಡಬೇಡಿ ಅತ್ತಿಗೆ, ಎಂಟು ಕೆಜಿ ಇಳಿಸಿದರೆ ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರಂತೆ. ಯಾವುದನ್ನು ಇಡಲಿ, ಯಾವುದನ್ನು ಕೊಡಲಿ, ಎಲ್ಲಿಂದ ಶುರು ಮಾಡಲಿ? ಇದು ಅವರ ಪ್ರಶ್ನೆ.

ಪತ್ರದ ಕೊನೆಗೆ, ಸಹಿಗೆ ಮುಂಚೆ, ಒಂದು ಸಾಲು ಇದೆ: "ದಿನಾ ಹಾಕುವ ಬಟ್ಟೆಯದೇನೂ ತೊಂದರೆಯಿಲ್ಲ, ಐದಾರು ಕುರ್ತಾ, ನಾಲ್ಕು ಕಾಟನ್ ಸೀರೆ ಮಂಚದ ಕೆಳಗೆ ಒಂದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ."

ಮೇಡಂ, ನಿಮ್ಮ ತೊಂದರೆ ಇರುವುದೇ ಅಲ್ಲಿ. ನಿಮಗೆ ಸರಿಯಾಗಿ ಆಗುವ ಬಟ್ಟೆಗೆ ನಿಮ್ಮ ಸ್ವಂತ ಬೀರುವಿನಲ್ಲಿ ಜಾಗವಿಲ್ಲ! ದಿನಾ ಬೆಳಿಗ್ಗೆ ಬಗ್ಗಿ ಚೀಲ ಎಳೆದು, ಮುದುಡಿದ ಸೀರೆಯನ್ನು ಒದರಿ, ಅವಸರದಲ್ಲಿ ಇಸ್ತ್ರಿ ಮಾಡಿ ಶಾಲೆಗೆ ಓಡುತ್ತೀರಿ. ಇತ್ತ ಕಣ್ಣಿನ ಮಟ್ಟದ ಅರೆಯಲ್ಲಿ, ಕೈಗೆ ಸಿಗುವ ಕಡೆ, ಇಪ್ಪತ್ತು ವರ್ಷದ ಹಿಂದಿನ ಮೈಗೆ ಹೊಲಿಸಿದ ರವಿಕೆಗಳು ಆರಾಮಾಗಿ ಕೂತಿವೆ. ಪಾಠ ಮಾಡುವುದು, ಅಡುಗೆ ಮಾಡುವುದು, ಮಕ್ಕಳ ನೋಟ್‌ಬುಕ್ ತಿದ್ದುವುದು ಇವತ್ತಿನ ಈ ಮೈ. ಅದನ್ನು ಯಾಕೆ ಮಂಚದ ಅಡಿಗೆ ತಳ್ಳಿದ್ದೀರಿ?

ನಾದಿನಿಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಪ್ರೀತಿಯಿಂದಲೇ ಹೇಳಿರಬಹುದು, ಆದರೆ ಆ ಮಾತು ಮಾಡಿದ ಕೆಲಸ ನೋಡಿ. ಬೀರು ತೆರೆದಾಗಲೆಲ್ಲ ನಿಮಗೆ ಸೀರೆ ಕಾಣುವುದಿಲ್ಲ, ಎಂಟು ಕೆಜಿ ಕಾಣುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರಿಗೆ, ಮುಟ್ಟು ನಿಂತವರಿಗೆ ತೂಕದ ವಿಷಯ ಹೇಳಬೇಕಾದ್ದು ಡಾಕ್ಟರು. ಅವರು ಹೇಳಿದರೆ ಕೇಳಿ, ನಡೆಯಿರಿ, ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೂ ರವಿಕೆಗೂ ಸಂಬಂಧ ಕಲ್ಪಿಸಬೇಡಿ.

ನಾನು ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಸೀರೆ ಯಾರಿಗೂ ಚಿಕ್ಕದಾಗುವುದಿಲ್ಲ. ಐದೂವರೆ ಮೀಟರ್ ಬಟ್ಟೆ ಇಪ್ಪತ್ತೈದರ ಸೊಂಟಕ್ಕೂ ಸೈ, ಐವತ್ನಾಲ್ಕರ ಸೊಂಟಕ್ಕೂ ಸೈ. ಹೆಚ್ಚೆಂದರೆ ನೆರಿಗೆ ಒಂದೆರಡು ಕಡಿಮೆಯಾದಾವು. ಆಗದೇ ಇರುವುದು ರವಿಕೆ ಮಾತ್ರ. ಒಂದು ಮೀಟರೂ ಇಲ್ಲದ ಆ ತುಂಡು ಬಟ್ಟೆಗಾಗಿ ನೀವು ಇಡೀ ಬೀರುವನ್ನು ದೂರ ಮಾಡಿಕೊಂಡಿದ್ದೀರಿ. ಹಾಗಾಗಿ ಸೀರೆ ವಿಂಗಡಿಸಲು ಕೂರಬೇಡಿ. ರವಿಕೆಗಳನ್ನು ಹೊರಗೆ ತೆಗೆಯಿರಿ.

ಒಂದೊಂದನ್ನೇ ಒಳಮಗ್ಗುಲು ಮಾಡಿ ಪಕ್ಕದ ಹೊಲಿಗೆ ನೋಡಿ. ಒಳ್ಳೆಯ ಟೈಲರ್ ಹೊಲಿದಿದ್ದರೆ ಒಂದರ ಪಕ್ಕ ಒಂದು ಎರಡು ಮೂರು ಸಾಲು ಹೊಲಿಗೆ ಇರುತ್ತದೆ, ಆಚೆಗೆ ಇನ್ನೂ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಹೊರಗಿನ ಸಾಲು ಹಾಗೇ ಇರಲಿ, ಒಳಗಿನದನ್ನು ಬಿಚ್ಚಿಸಿ. ಬಟ್ಟೆ ಬಿಡದೆ ಅಂಚಿಗೇ ಕತ್ತರಿಸಿದ್ದರೆ ಕಂಕುಳ ಕೆಳಗೆ ಪಟ್ಟಿ ಕೊಡಿಸಬಹುದು, ಕೈ ಎತ್ತಿದಾಗಷ್ಟೇ ಕಂಡೀತು. ಬೆವರಿಗೆ ಕಂಕುಳಲ್ಲಿ ಬಣ್ಣ ಹೋಗಿ ರೇಷ್ಮೆ ಜಾಳಾಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ, ತೆಗೆದುಬಿಡಿ. ಸೀರೆಗೆ ಸೇರಿದ ರವಿಕೆಯನ್ನೇ ತೊಡಬೇಕು ಎಂಬ ಕಟ್ಟಳೆ ಯಾರು ಮಾಡಿದರು? ಒಂದು ಕಪ್ಪು, ಒಂದು ಮರೂನ್, ಒಂದು ಜರಿ ಬಣ್ಣದ್ದು, ಈಗಿನ ಅಳತೆಗೆ ಹೊಲಿಸಿಕೊಂಡರೆ ಬೀರುವಿನ ಬಹುಪಾಲು ಸೀರೆ ಮತ್ತೆ ಮೈಮೇಲೆ ಬರುತ್ತದೆ.

ತೀರಿಕೊಂಡ ಅಮ್ಮನ ಮೈಸೂರು ಸಿಲ್ಕ್ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅದು ಇಡುವ ಕೊಡುವ ಲೆಕ್ಕಕ್ಕೇ ಬರುವುದಿಲ್ಲ, ಇಟ್ಟುಕೊಳ್ಳಿ. ಆದರೆ ನೀವು ಇಟ್ಟಿರುವ ರೀತಿ ನನಗೆ ಒಪ್ಪಿಗೆಯಿಲ್ಲ. ಪ್ಲಾಸ್ಟಿಕ್ ಕವರಿನಿಂದ ಮೊದಲು ತೆಗೆಯಿರಿ, ನುಸಿ ಗುಳಿಗೆಯನ್ನು ಜರಿಗೆ ತಾಗುವ ಹಾಗೆ ಮಡಿಕೆಯೊಳಗೆ ಹಾಕಬೇಡಿ, ಜರಿ ಕಪ್ಪಾಗುತ್ತದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಸಿಲ್ಕ್ ಕಾರ್ಖಾನೆಯ ಸೀರೆಯ ಜರಿಯಲ್ಲಿ ನಿಜವಾದ ಬೆಳ್ಳಿ ಇರುತ್ತದೆ, ಮೇಲೆ ಚಿನ್ನದ ಲೇಪ. ಹಳೆ ರೇಷ್ಮೆ ಸೀರೆ ಕೊಳ್ಳುತ್ತೇವೆ ಎಂದು ಬರುವವರಿಗೆ ಬೇಕಾದ್ದು ಆ ಬೆಳ್ಳಿ. ಸೀರೆಯನ್ನು ಸುಟ್ಟು ಅದನ್ನು ತೆಗೆಯುತ್ತಾರೆ. ಅಂಥವರ ಕೈಗೆ ಅವಸರದಲ್ಲಿ ಏನನ್ನೂ ಕೊಡಬೇಡಿ. ಅಮ್ಮನ ಸೀರೆಯನ್ನು ವರ್ಷಕ್ಕೊಮ್ಮೆಯಾದರೂ ಉಡಿ.

ಇನ್ನು ಉಳಿದವು. ಗೃಹಪ್ರವೇಶ, ನಾಮಕರಣಗಳಲ್ಲಿ ಬಂದು, ಫಾಲ್ ಕೂಡ ಹಾಕಿಸದೆ ಬಿದ್ದಿರುವ ಸಿಂಥೆಟಿಕ್ ಸೀರೆಗಳಿಗೆ ಯೋಚನೆಯೇ ಬೇಡ, ಉಡುವವರಿಗೆ ಕೊಡಿ. ಒಗೆದು, ಇಸ್ತ್ರಿ ಮಾಡಿ, "ಬೇಕಾ?" ಎಂದು ಕೇಳಿ ಕೊಡಿ. ಬೇಡ ಅಂದರೆ ಬಲವಂತ ಮಾಡಬೇಡಿ. ಮನೆಗೆಲಸದವರಿಗೂ ಇಷ್ಟ ಅನಿಷ್ಟ ಇರುತ್ತದೆ. ಮೆತ್ತಗಾದ ಹತ್ತಿ ಸೀರೆಗಳಿದ್ದರೆ ಕೌದಿ ಹೊಲಿಯುವವರನ್ನು ಹುಡುಕಿ. ಉತ್ತರ ಕರ್ನಾಟಕದ ಕಡೆಯ ಸಹೋದ್ಯೋಗಿಗಳು ಇದ್ದೇ ಇರುತ್ತಾರೆ, ಕೇಳಿ ನೋಡಿ.

ಯಜಮಾನರ ಮೇಲೆ ನೀವು ಬೇಸರ ಮಾಡಿಕೊಂಡಿದ್ದೀರಿ, ನನಗೆ ಅವರ ತಪ್ಪು ಅಷ್ಟು ಕಾಣಲಿಲ್ಲ. ಹೆಂಡತಿಗೆ ಜಾಗ ಸಾಲದು ಅನ್ನುವುದಾದರೂ ಅವರಿಗೆ ಗೊತ್ತಾಗಿದೆ. ಬೀರು ಮಾತ್ರ ತರಿಸಬೇಡಿ. ಎರಡನೆಯದು ಬಂದರೆ ಅದೂ ತುಂಬುತ್ತದೆ, ಚೀಲ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಓದಿ ತಲೆ ಚಿಟ್ಟು ಹಿಡಿದರೆ ಎಲ್ಲ ಬಿಡಿ, ಒಂದೇ ಒಂದು ಕೆಲಸ ಮಾಡಿ. ಬರುವ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ಮೇಲೆ ಬೀರುವಿನ ನಡು ಅರೆಯನ್ನು ಪೂರ್ತಿ ಖಾಲಿ ಮಾಡಿ, ಚೀಲದಲ್ಲಿರುವ ಕುರ್ತಾ, ಸೀರೆಗಳನ್ನು ಅಲ್ಲಿ ಜೋಡಿಸಿ. ಅಲ್ಲಿಂದ ಇಳಿದದ್ದು ಹಾಲ್‌ನಲ್ಲಿ ರಾಶಿ ಬಿದ್ದಿರಲಿ, ನಾದಿನಿ ನೋಡಿದರೂ ನೋಡಲಿ. ವಿಂಗಡಿಸುವುದು ಆಮೇಲಿನ ಮಾತು, ತಿಂಗಳಾದರೂ ಪರವಾಗಿಲ್ಲ.

ಇನ್ನೊಂದು ಮಾತು. ಹೋದ ವರ್ಷ ಹೊಲಿಸಿದ ಹೊಸ ರವಿಕೆಗಳೂ ಬಿಗಿ ಎಂದಿದ್ದೀರಲ್ಲ, ಟೈಲರಿಗೆ ಹಳೆಯ ಅಳತೆ ಬ್ಲೌಸನ್ನೇ ಕೊಟ್ಟಿರುತ್ತೀರಿ. ಅದನ್ನು ಇನ್ನು ಕೊಂಡೊಯ್ಯಬೇಡಿ. ಟೇಪ್ ಹಿಡಿದು ಹೊಸದಾಗಿ ಅಳತೆ ತೆಗೆಯಲು ಹೇಳಿ, ತೋಳಿನ ಸುತ್ತಳತೆಯನ್ನೂ ಬರೆಸಿ, ಎರಡೂ ಪಕ್ಕ ಒಳಗೆ ಎರಡೆರಡು ಇಂಚು ಬಟ್ಟೆ ಬಿಡಲು ಹೇಳಿ. ಮೊದಲು ಒಂದನ್ನು ಮಾತ್ರ ಹೊಲಿಸಿ, ತೊಟ್ಟು ಕೈ ಮೇಲೆತ್ತಿ ಬೋರ್ಡಿನ ಮೇಲೆ ಬರೆದ ಹಾಗೆ ಮಾಡಿ ನೋಡಿ. ಎಲ್ಲೂ ಹಿಡಿಯದಿದ್ದರೆ ಉಳಿದೆರಡಕ್ಕೆ ಬಟ್ಟೆ ಕೊಡಿ.