ಅಷ್ಟು ದೊಡ್ಡ ನದಿಯಲ್ಲಿ ಸ್ಟರ್ಜನ್ ಮರಿಗಳನ್ನು ಹೇಗೆ ಎಣಿಸುತ್ತಾರೆ? ಹೇಮಾವತಿಯಲ್ಲೂ ಹಾಗೆ ಮಾಡಬಹುದಾ?

ನೀವು ನೋಡಿದ್ದು ಯುರೋಪಿನ ಡ್ಯಾನ್ಯೂಬ್ ನದಿಯ ವಿಡಿಯೋ, ಅಲ್ಲಿ ಹಿಡಿಯುವುದು ಸ್ಟರ್ಜನ್ ಅನ್ನುವ ದೊಡ್ಡ ಮೀನಿನ ಮರಿಗಳನ್ನು. ದೋಣಿಯವರು ಚಿಕ್ಕ ಚಿಕ್ಕ ಮೀನು ಹಿಡಿದು, ಅಳೆದು, ಮತ್ತೆ ನೀರಿಗೆ ಬಿಡುತ್ತಾರೆ. ಇದರಿಂದ ಹೊಳೆಯಲ್ಲಿ ಒಟ್ಟು ಎಷ್ಟು ಮರಿ ಇದೆ ಅಂತ ಗೊತ್ತಾಗುತ್ತಾ ಅಂತ ಕೇಳಿದ್ದೀರಿ.

ಗೊತ್ತಾಗಲ್ಲ. ಅವರಿಗೆ ಬೇಕಾಗಿರುವುದೂ ಅದಲ್ಲ. ನಾನು ಮೀನುಗಾರಿಕೆ ಓದಿದವನು, ಇರುವುದು ಅರಕಲಗೂಡು ಕಡೆ, ಹಾಗಾಗಿ ನಮ್ಮ ಕಡೆಯ ಲೆಕ್ಕದಲ್ಲೇ ಹೇಳುತ್ತೇನೆ. ಕೊಯ್ಲಿಗೆ ಮುಂಚೆ ಕಾಫಿ ತೋಟದಲ್ಲಿ ಎಲ್ಲ ಗಿಡದ ಕಾಯಿ ಎಣಿಸುತ್ತಾರಾ? ಪ್ರತಿ ವರ್ಷ ಅದೇ ನಾಲ್ಕಾರು ಗಿಡ ನೋಡಿ, ಹೋದ ವರ್ಷಕ್ಕಿಂತ ಹೇಗಿದೆ ಅಂತ ಹೇಳುತ್ತಾರೆ. ಇದೂ ಹಾಗೇ. ಅದೇ ಜಾಗ, ಅದೇ ಬಲೆ, ಅದೇ ತಿಂಗಳು. ಬಲೆ ಒಂದು ಸಲ ತೇಲಿದರೆ ಎಷ್ಟು ಮರಿ ಸಿಕ್ಕಿತು ಅನ್ನುವುದಷ್ಟೇ ಲೆಕ್ಕ. ಏನೂ ಸಿಗದಿದ್ದರೆ ಸೊನ್ನೆ ಅಂತಲೇ ಬರೆಯಬೇಕು. ಸೊನ್ನೆ ಬಿಟ್ಟುಬಿಟ್ಟರೆ ಇಡೀ ಲೆಕ್ಕ ಸುಳ್ಳಾಗುತ್ತದೆ.

ಬಲೆ ಮೂರು ಪದರದ್ದು. ಹೊರಗಿನ ಎರಡಕ್ಕೆ ದೊಡ್ಡ ಕಣ್ಣು, ನಡುವಿನದು ಸಡಿಲ, ಸಣ್ಣ ಕಣ್ಣಿನದು. ಮರಿ ನುಗ್ಗಿದಾಗ ನಡುವಿನ ಬಲೆ ಚೀಲದ ಥರ ಸುತ್ತಿಕೊಳ್ಳುತ್ತದೆ. ಸ್ಟರ್ಜನ್ ತಳ ಹಿಡಿದು ಹೋಗುವ ಮೀನು, ಅದಕ್ಕೇ ಸೀಸದ ಗುಂಡು ಕಟ್ಟಿ ಬಲೆಯನ್ನು ತಳದಲ್ಲೇ ಹರಿವಿನ ಜೊತೆ ಬಿಡುತ್ತಾರೆ. ಸಿಕ್ಕ ಮರಿಯ ಮೈಮೇಲೆ ಐದು ಸಾಲು ಮೂಳೆಯ ಗುಬುಟು, ಮೂತಿಯ ಕೆಳಗೆ ನಾಲ್ಕು ಮೀಸೆ. ಜಾತಿ ಯಾವುದು ಅಂತ ಹೇಳೋಕೆ ಮಗುಚಿ ಹೊಟ್ಟೆ ಕಡೆಯಿಂದ ನೋಡಬೇಕು. ಬೆಲೂಗ ಅನ್ನುವ ಸ್ಟರ್ಜನ್ ಜಾತಿ ಆದರೆ ಬಾಯಿ ಅಗಲ, ಅರ್ಧಚಂದ್ರದ ಹಾಗೆ.

ಮರಿಗಳು ಹುಟ್ಟಿದ ಮೊದಲ ಬೇಸಿಗೆಯಲ್ಲೇ ಕಪ್ಪು ಸಮುದ್ರದ ಕಡೆ ಇಳಿಯುತ್ತವೆ. ಬಲೆ ಬಿಡುವ ಜಾಗ ನದಿಯ ಕೆಳಭಾಗದಲ್ಲಿದೆ, ಮೇಲೆ ಎಲ್ಲೇ ಹುಟ್ಟಿದ್ದರೂ ಅದನ್ನು ದಾಟಲೇಬೇಕು. ಡ್ಯಾನ್ಯೂಬ್‌ಗೆ ಅಡ್ಡಲಾಗಿ ಐರನ್ ಗೇಟ್ಸ್ ಅನ್ನುವ ಕಡೆ 1972 ಮತ್ತು 1984ರಲ್ಲಿ ಮುಗಿದ ಎರಡು ಅಣೆಕಟ್ಟುಗಳಿಂದ ತಾಯಿ ಮೀನು ಸಮುದ್ರದಿಂದ ಸುಮಾರು 860 ಕಿಲೋಮೀಟರ್ ಮಾತ್ರ ಹತ್ತಬಹುದು. ಬೆಲೂಗ ಹೆಣ್ಣು ಮೊಟ್ಟೆಗೆ ಬರಲು ಹದಿನೈದು ವರ್ಷದ ಹತ್ತಿರ ಬೇಕು, ಆಮೇಲೂ ಪ್ರತಿ ವರ್ಷ ಇಡುವುದಿಲ್ಲ. ಹಾಗಾಗಿ ಒಂದು ವರ್ಷ ಮರಿ ಕಮ್ಮಿಯಾಯಿತು ಅಂತ ಗಾಬರಿ ಬೀಳಬಾರದು. ಸಾಲಾಗಿ ನಾಲ್ಕೈದು ವರ್ಷ ಕಮ್ಮಿಯಾದರೆ ಮಾತ್ರ ಮೇಲೆ ಏನೋ ಕೆಟ್ಟಿದೆ ಅಂತ ಅರ್ಥ.

ಇನ್ನು ಹೇಮಾವತಿ. ಸ್ಟರ್ಜನ್ ನಮ್ಮಲ್ಲಿಲ್ಲ. ಎಣಿಸುವುದಾದರೆ ಮಹಶೀರ್, ಅಂದರೆ ಬಿಳಿ ಮೀನು ಎಣಿಸಬೇಕು. ಆದರೆ ಈ ಉಪಾಯ ಇಲ್ಲಿ ನಡೆಯಲ್ಲ. ಮಹಶೀರ್ ಸಮುದ್ರಕ್ಕೆ ಹೋಗುವುದಿಲ್ಲ, ಎಲ್ಲ ಮರಿಗಳೂ ಒಂದೇ ಜಾಗ ದಾಟುವುದೂ ಇಲ್ಲ. ಅವು ದಡದ ಕಲ್ಲುಗಳ ಸಂದಿಯಲ್ಲಿ, ಮೊಣಕಾಲುದ್ದದ ನೀರಲ್ಲಿ ಇರುತ್ತವೆ. ಗೊರೂರು ಅಣೆಕಟ್ಟಿನ ಕೆಳಗೆ ಕೆಲವು ದಡ ಗುರುತು ಮಾಡಿಕೊಂಡು, ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅಲ್ಲೇ ನೋಡುವುದೇ ಸರಿಯಾದ ದಾರಿ.

ಜಾತಿ ಮಾತ್ರ ಬೇರೆ ಬೇರೆ ಬರೆಯಿರಿ. ಕಾವೇರಿಯದ್ದೇ ಆದ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದು ಅದರ ಜಾಗ ಹಿಡಿದಿದೆ. ಎರಡನ್ನೂ ಸೇರಿಸಿ ಎಣಿಸಿದರೆ ಮೀನು ಜಾಸ್ತಿಯಾದ ಹಾಗೇ ಕಾಣುತ್ತದೆ! ಮರಿ ನೋಡಿ ಕಣ್ಣಲ್ಲೇ ಹೇಳುವುದು ಕಷ್ಟ, ರೆಕ್ಕೆಯ ಚೂರು ತೆಗೆದು ಡಿಎನ್‌ಎ ನೋಡಿಸಬೇಕು. ಬಲೆ ಹಿಡಿಯುವ ಮುಂಚೆ ಮೀನುಗಾರಿಕೆ ಇಲಾಖೆಯ ಅನುಮತಿ ತಗೊಳ್ಳಿ. ರಾಮನಾಥಪುರದ ದೇವರ ಮೀನಿನ ತಂಟೆಗೆ ಮಾತ್ರ ಹೋಗಬೇಡಿ, ಅಲ್ಲಿ ಊರವರೇ ಕಾವಲು.