“ಮಗಳ ಲಗ್ನ ಆಗ್ಲಿ, ಆಮೇಲ ತೋರಿಸ್ತೀನಿ” ಅನ್ನುವವರಿಗೆ

ಎದೆಯಲ್ಲಿ ಗಂಟಿದೆ ಅಂತ ಗೊತ್ತಿದ್ದೂ ಆಸ್ಪತ್ರೆಗೆ ಹೋಗದೆ ಕೂತ ಹೆಂಗಸರು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಗಂಟಿನ ಸಲುವಾಗಿ ಬರಲ್ಲ. ನಿದ್ದೆ ಇಲ್ಲ, ಎದೆ ಡವಡವ ಅಂತದೆ, ಸುಮ್ಸುಮ್ನೆ ಅಳು ಬರ್ತದೆ ಅಂತ ಬರುತ್ತಾರೆ. ಕೆದಕಿದರೆ ಗಂಟಿನ ಸುದ್ದಿ ಹೊರಬೀಳುತ್ತದೆ. ಅದರ ಹಿಂದೆಯೇ ಮನೆಯಲ್ಲಿ ನಡೆಯಬೇಕಾದ ಮದುವೆಯ ಸುದ್ದಿ.

ಅಂಥವರಲ್ಲಿ ಒಬ್ಬರ ಕಥೆ ಇದು. ಇವರು ಕಲಬುರಗಿ ಜಿಲ್ಲೆಯ ಸೇಡಂ ಕಡೆಯವರು ಅಂತ ಇಟ್ಟುಕೊಳ್ಳಿ. ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ವಯಸ್ಸು ನಲವತ್ತೈದರ ಆಸುಪಾಸು. ಸ್ವಲ್ಪ ತೊಗರಿ ಹೊಲ, ಗಂಡನಿಗೆ ಗುತ್ತಿಗೆ ಕೆಲಸ. ಊರಿನ ಆಶಾ ಕಾರ್ಯಕರ್ತೆ ಬೆನ್ನುಹತ್ತಿ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿದ್ದಳು. ಡಾಕ್ಟರು ಬಯಾಪ್ಸಿ (ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ಮಾಡುವ ಪರೀಕ್ಷೆ) ಬರೆದುಕೊಟ್ಟಿದ್ದರು. ಇವರು ಮಾಡಿಸಿರಲಿಲ್ಲ.

ರಿಪೋರ್ಟ್ ತೋರಿಸಿ ಅಂದೆ. ಕ್ಯಾರಿಬ್ಯಾಗಿಗೆ ಕೈ ಹಾಕಿದಾಗ ಮೊದಲು ಬಂದದ್ದು ಲಗ್ನಪತ್ರಿಕೆಯ ಸ್ಯಾಂಪಲ್‌ಗಳು. ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ರಿಪೋರ್ಟ್. ಗಂಡ ಪತ್ರಿಕೆ ನೋಡುವ ಕೆಲಸವನ್ನು ಇವರಿಗೇ ಬಿಟ್ಟಿದ್ದ, ಹಾಗಾಗಿ ಆ ಚೀಲ ಯಾರೂ ಬಿಚ್ಚಲ್ಲ ಅಂತ ಅಲ್ಲಿಟ್ಟಿದ್ದರು. ಅದರಲ್ಲಿ ಬೈರಾಡ್ಸ್ 5 ಅಂತ ಬರೆದಿತ್ತು. ಗಂಟಿನ ಮೇಲೆ ಎಷ್ಟು ಅನುಮಾನ ಅಂತ ಹೇಳುವ ಅಂಕ ಅದು. ಅಂದರೆ 100ರಲ್ಲಿ 95ಕ್ಕೂ ಜಾಸ್ತಿ ಕ್ಯಾನ್ಸರ್ ಇರುವ ಸಾಧ್ಯತೆ.

“ಬ್ಯಾನಿ ಇಲ್ಲ ಏನಿಲ್ಲ. ಸುಮ್ನ ಯಾಕ ಕೆದಕಬೇಕ್ರಿ ಮೇಡಂ? ಸೂಜಿ ಚುಚ್ಚಿದ್ರ ಮೈಯೆಲ್ಲಾ ಹಬ್ಬತದಂತ.”

ಎರಡಕ್ಕೂ ಉತ್ತರ ಹೇಳಿದೆ. ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿಲ್ಲ ಅನ್ನೋದು ಧೈರ್ಯ ತಂದುಕೊಳ್ಳುವ ಕಾರಣ ಅಲ್ಲ. ಬಯಾಪ್ಸಿಯ ಸೂಜಿಯಿಂದ ಕಾಯಿಲೆ ಹಬ್ಬುವುದಿಲ್ಲ. ಆ ಸೂಜಿ ತೆಗೆದ ಚೂರಿನಿಂದಲೇ ಇದು ಯಾವ ಬಗೆಯ ಕ್ಯಾನ್ಸರ್, ಹಾರ್ಮೋನಿಗೆ ಸ್ಪಂದಿಸುತ್ತದಾ, ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ತಿಳಿಯೋದು, ಅದಿಲ್ಲದೆ ಯಾವ ಡಾಕ್ಟರೂ ಸರಿಯಾದ ಔಷಧಿ ಆರಿಸಲಾರರು. ಅವರು ತಲೆಯಾಡಿಸಿದರು. ಒಪ್ಪಿದ್ದಕ್ಕಲ್ಲ, ನಾನು ಮಾತು ಮುಗಿಸಲಿ ಅಂತ.

ಆಮೇಲೆ ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಅಂದರು: “ನಂದು ಬಿಡ್ರಿ. ತಾಯಿಗಿ ಬಂದದ್ದು ಮಗಳಿಗೂ ಬರ್ತದ ಅಂತ ಬೀಗರು ಸಂಬಂಧ ಮುರಿದ್ರ? ನನ್ನ ಸಲುವಾಗಿ ನನ್ನ ಮಗಳು ಮನ್ಯಾಗ ಕೂಡಬೇಕೇನ್ರಿ?”

ಇದೇ ನೋಡಿ ನಿಜವಾದ ಗಂಟು. ಅಷ್ಟು ಹೊತ್ತು ನಾನು ಸೂಜಿ ಬಗ್ಗೆ ಹೇಳುತ್ತಿದ್ದೆ, ಅವರ ಲಕ್ಷ್ಯವೆಲ್ಲ ಬೀಗರ ಮನೆಯಲ್ಲಿತ್ತು.

ನೇರವಾಗಿ ಹೇಳಿದೆ. ಸ್ತನ ಕ್ಯಾನ್ಸರ್‌ನಲ್ಲಿ ವಂಶದಿಂದ ಇಳಿದು ಬರುವ ಜೀನಿನದ್ದು 100ಕ್ಕೆ ಐದರಿಂದ ಹತ್ತು ಮಾತ್ರ. ಈ ಕಾಯಿಲೆ ಬಂದ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಬಂದಿರುವುದಿಲ್ಲ. ತಾಯಿಗೆ ಬಂದಿದ್ದರೆ ಮಗಳಿಗೆ ಅಪಾಯ ಸ್ವಲ್ಪ ಜಾಸ್ತಿ ಅನ್ನೋದು ಹೌದು, ಬಂದೇ ಬರುತ್ತದೆ ಅಂತಲ್ಲ. ನಿಮ್ಮ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಆಕೆ ತಪಾಸಣೆ ಶುರು ಮಾಡಿದರೆ ಒಳ್ಳೆಯದು. ಆದರೆ ಮೊದಲು ನಿಮಗೆ ಏನಿದೆ ಅಂತ ಗೊತ್ತಾಗಬೇಕಲ್ವಾ? ಬಯಾಪ್ಸಿ ಈ ವಾರವೇ ಆಗಲಿ. ಇವತ್ತು ರಾತ್ರಿ ಗಂಡನಿಗೆ ಹೇಳಿ. ಬೀಗರಿಗೆ ಹೇಳಲೇಬೇಕು ಅಂತಿಲ್ಲ, ನಿಮ್ಮ ಮೈಯ ವಿಷಯ ನಿಮ್ಮದು. ಅವರಾಗಿ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ.

ಆಪ್ತಸಲಹೆಗಾರರು ಹೀಗೆ ಮಾಡಿ ಅಂತ ಹೇಳಬಾರದು, ದಾರಿ ಅವರೇ ಕಂಡುಕೊಳ್ಳಬೇಕು ಅಂತ ಒಬ್ಬ ಸಹೋದ್ಯೋಗಿ ಆಕ್ಷೇಪಿಸಿದರು. ಗಂಡ-ಹೆಂಡತಿ ಜಗಳದಲ್ಲಿ, ನೌಕರಿ ಬಿಡುವ ಮಾತಿನಲ್ಲಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಇಲ್ಲಿ ಆಗಲ್ಲ. ಬೆಳೆಯುವ ಗಂಟು ಮುಹೂರ್ತ ನೋಡಲ್ಲ. ಅದು ಎದೆಯಲ್ಲೇ ಇರುವಾಗ ಹಿಡಿಯೋದಕ್ಕೂ ಎಲುಬು, ಲಿವರ್ ಮುಟ್ಟಿದ ಮೇಲೆ ಹಿಡಿಯೋದಕ್ಕೂ ಜೀವದಷ್ಟು ವ್ಯತ್ಯಾಸ ಇದೆ. ಬೀಗರ ವಿಷಯದಲ್ಲಿ ಕೊಟ್ಟ ಸಲಹೆಗೂ ಕೆಲವರು ಸಿಟ್ಟಾಗಬಹುದು, ಮುಚ್ಚಿಡಲು ಕಲಿಸಿದಿರಿ ಅನ್ನಬಹುದು. ಗಂಡಿನ ತಂದೆಗೆ ಶುಗರ್ ಎಷ್ಟು, ತಾಯಿಗೆ ಯಾವ ಆಪರೇಷನ್ ಆಗಿದೆ ಅಂತ ಯಾರೂ ಕೇಳಲ್ಲ, ಹೆಣ್ಣಿನ ತಾಯಿಯ ರಿಪೋರ್ಟನ್ನು ಮಾತ್ರ ಯಾಕೆ ಬೀಗರ ಮುಂದೆ ಇಡಬೇಕು?

ಬಯಾಪ್ಸಿ ಆಯಿತು. ಕ್ಯಾನ್ಸರೇ. ಕಂಕುಳಿಗೂ ಸ್ವಲ್ಪ ಹೋಗಿತ್ತು, ಬೇರೆಲ್ಲೂ ಇರಲಿಲ್ಲ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಇದೆ, ಬೆಂಗಳೂರಿಗೇ ಓಡಬೇಕು ಅಂತಿಲ್ಲ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಕಾರ್ಡ್ ಹಿಡಿದು ಹೋಗಿ, ಈ ಯೋಜನೆಯ ನೆರವಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ.

“ಪೂರ್ತಿ ತೆಗದ್ಬಿಡ್ರಿ” ಅಂತ ಇವರು ಹಟ ಹಿಡಿದಿದ್ದರು. ಹಾಗೆ ಅನ್ನುವವರು ಜಾಸ್ತಿ. ಎಲ್ಲರಿಗೂ ಪೂರ್ತಿ ತೆಗೆಯಬೇಕಿಲ್ಲ. ಶುರುವಿನ ಹಂತದಲ್ಲಿ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುವ ಅವಕಾಶ ಅಷ್ಟೇ ಇರುತ್ತದೆ ಅಂತ ಇಪ್ಪತ್ತು ವರ್ಷ ಹಿಂಬಾಲಿಸಿದ ಅಧ್ಯಯನಗಳು 2002ರಲ್ಲೇ ತೋರಿಸಿವೆ. ಇವರಿಗೂ ಅದೇ ಆಯಿತು.

ಮದುವೆ ನಿಲ್ಲಲಿಲ್ಲ. ಮೊದಲೇ ತಾರೀಖು ಹೇಳಿದ್ದರಿಂದ ಡಾಕ್ಟರು ಎರಡು ಕೀಮೋಗಳ ನಡುವಿನ ಮೂರು ವಾರದಲ್ಲಿ ಸ್ವಲ್ಪ ಆರಾಮಿರುವ ದಿನಗಳಿಗೆ ಹೊಂದಿಸಿಕೊಟ್ಟರು. ಕೂದಲು ಉದುರಿತ್ತು, ತಲೆತುಂಬ ಸೆರಗು ಹೊದ್ದು ಅಕ್ಷತೆ ಹಾಕಿದರು. ಬೀಗರಿಗೆ ಆಮೇಲೆ ಗೊತ್ತಾಯಿತು. ಬೀಗತಿ ಒಂದಿಷ್ಟು ದಿನ ಮುಖ ಊದಿಸಿಕೊಂಡಿದ್ದರಂತೆ. ಮಗಳು ಚೆನ್ನಾಗಿಯೇ ಇದ್ದಾಳೆ.

ಇವರ ಗಂಟು ಹಾರ್ಮೋನಿಗೆ ಸ್ಪಂದಿಸುವ ಬಗೆಯದು. ಈಗ ಆ ಹಾರ್ಮೋನನ್ನು ತಡೆಯುವ ಟಮಾಕ್ಸಿಫೆನ್ ಮಾತ್ರೆ, ದಿನಕ್ಕೊಂದು, ಕಡಿಮೆ ಅಂದರೂ ಐದು ವರ್ಷ. ಆರಾಮಾಗಿದೀನಲ್ಲ ಅಂತ ನಡುವೆ ಬಿಡುವವರು ಬಹಳ. ಅದಕ್ಕೇ ಮಾತ್ರೆ ತಗೊಂಡರಾ ಅಂತ ಕೇಳುವ ಕೆಲಸವನ್ನು ಗಂಡನಿಗೆ ವಹಿಸಿದ್ದೇನೆ.